ಮೇಷ್ಟ್ರಿಗೊಂದು ರೂಲು, ಸರಕಾರಕ್ಕೊಂದು ರೂಲು. ನಡುವೆ ಕಳುವಾಗುತ್ತಿರುವುದು ಮಕ್ಕಳ ದಿನ!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕುಗಳ ಯಾವುದೇ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಸರಕಾರಿ ಶಾಲೆಯ ಮಾತು ತೆಗೆದರೆ ಸಾಕು, ಮಾತು ಎರಡೇ ದಾರಿ ಹಿಡಿಯುತ್ತದೆ. ಒಂದು: "ಮೇಷ್ಟ್ರು ಹೊತ್ತಿಗೆ ಸರಿಯಾಗಿ ಸಾಲಿಗೆ ಬರೂದಿಲ್ಲ." ಇನ್ನೊಂದು: "ಬಂದ ಮೇಷ್ಟ್ರನ್ನ ಸರಕಾರ ಸಾಲ್ಯಾಗ ಕುಂದ್ರಾಕ ಬಿಡೂದಿಲ್ಲ."

ಎರಡು ದೂರಿನಲ್ಲೂ ಹುರುಳಿದೆ. ತಡವಾಗಿ ಬರುವ ಮೇಷ್ಟ್ರಿಗೆ ರೂಲು ಇದೆ ಎಂಬುದು ಎಲ್ಲರಿಗೂ ಗೊತ್ತು. ಬಂದ ಮೇಷ್ಟ್ರನ್ನು ಕಂಡಕಂಡ ಕೆಲಸಕ್ಕೆ ಎಳೆದೊಯ್ಯುವ ಸರಕಾರಕ್ಕೂ ರೂಲು ಇದೆ ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಮೊದಲನೆಯ ರೂಲು ಮುರಿದರೆ ನೋಟೀಸು ಬರುತ್ತದೆ. ಎರಡನೆಯದನ್ನು ಮುರಿದರೆ ಕೇಳುವವರೇ ಇಲ್ಲ. ಯಾರು ಮುರಿದರೂ ನಷ್ಟ ಮಾತ್ರ ಒಂದೇ ಖಾತೆಗೆ ಬೀಳುತ್ತದೆ. ಅದು ಮೂರನೇ ತರಗತಿಯಲ್ಲಿ ಕುಳಿತು ಕಾಗುಣಿತ ಕಲಿಯಬೇಕಾದ ಕೂಸಿನ ಖಾತೆ.

ಬೋರ್ಡು ಹೋಯ್ತು, ಚೀಟಿ ಉಳಿಯಿತು

ಈ ಭಾಗದ ಸರಕಾರಿ ಮೇಷ್ಟ್ರ ಕತೆ ಶುರುವಾಗುವುದು ಮದ್ರಾಸಿನಿಂದ. 1953ರ ಅಕ್ಟೋಬರ್ 1ರವರೆಗೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯೆಲ್ಲ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹಳ್ಳಿ ಶಾಲೆ ಎಂದರೆ ಆಗ 'ಬೋರ್ಡ್ ಶಾಲೆ'. ಮೇಷ್ಟ್ರೂ ಬೋರ್ಡಿನ ನೌಕರರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಧಣಿ ಬದಲಾದರು, ಕಾಗದದ ಭಾಷೆ ಬದಲಾಯಿತು. ಮುಂದೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಜಿಲ್ಲೆಯ ಗೆರೆಗಳೂ ನೆಟ್ಟಗೆ ನಿಲ್ಲಲಿಲ್ಲ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕು ತಾಲೂಕುಗಳೊಂದಿಗೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಸರ್ವೀಸಿನಲ್ಲಿ ಒಂದೇ ಊರಿನಲ್ಲಿದ್ದ ಮೇಷ್ಟ್ರು ಕೂಡ ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು ತುಳಿಯುವಂತಾಯಿತು.

ಇಷ್ಟೆಲ್ಲ ಬದಲಾದರೂ ಬಹುಕಾಲ ಬದಲಾಗದೆ ಉಳಿದದ್ದು ಒಂದು, ವರ್ಗಾವಣೆಯ 'ಚೀಟಿ'. ಶಾಸಕರ ಚೀಟಿ, ಮಂತ್ರಿಗಳ ಚೀಟಿ, ಅವರ ಹಿಂದೆ ಓಡಾಡುವವರ ಚೀಟಿ. ಇಲ್ಲೊಂದು ತಮಾಷೆ ಇದೆ. ತನ್ನ ನೌಕರಿಯ ವಿಷಯದಲ್ಲಿ ರಾಜಕೀಯದವರಿಂದಾಗಲಿ ಹೊರಗಿನವರಿಂದಾಗಲಿ ಒತ್ತಡ ತರಿಸುವುದೇ ನಡತೆ ನಿಯಮದ ಪ್ರಕಾರ ತಪ್ಪು! ಆ ಲೆಕ್ಕದಲ್ಲಿ ಚೀಟಿ ತಂದ ಪ್ರತಿಯೊಬ್ಬರೂ ತಪ್ಪಿತಸ್ಥರು, ಚೀಟಿ ನೋಡಿ ಆರ್ಡರು ಹಾಕಿದವರು ಅವರಿಗಿಂತ ದೊಡ್ಡವರು. ಈ ಚೀಟಿಗೆ ಮೂಗುದಾರ ಹಾಕಲೆಂದೇ 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆ ಬಂತು, 2020ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂತು. ಈಗ ಕೌನ್ಸೆಲಿಂಗ್, ವಲಯ, ಅಂಕ, ಜ್ಯೇಷ್ಠತೆ. ಚೀಟಿಯ ಆಟ ಪೂರಾ ನಿಂತಿದೆ ಎಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗೂ ಇಲ್ಲದಿದ್ದರೂ ಬಾಗಿಲು ಸಣ್ಣದಾಗಿದೆ ಎಂಬುದನ್ನು ಒಪ್ಪಬೇಕು.

ಪುಸ್ತಕದಲ್ಲಿ ಏನಿದೆ?

ಸರಕಾರಿ ಮೇಷ್ಟ್ರ ನಡತೆಗೆ ಬಹುಕಾಲ ಆಧಾರವಾಗಿದ್ದುದು 1966ರ ಕರ್ನಾಟಕ ಸಿವಿಲ್ ಸೇವಾ (ನಡತೆ) ನಿಯಮಗಳು. 2021ರಲ್ಲಿ ಅದರ ಜಾಗಕ್ಕೆ ಹೊಸ ನಡತೆ ನಿಯಮಗಳು ಬಂದವು. ತಪ್ಪು ಮಾಡಿದಾಗ ವಿಚಾರಣೆ ಹೇಗೆ, ಶಿಕ್ಷೆ ಏನು ಎಂಬುದಕ್ಕೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ಕಚೇರಿ ಭಾಷೆಯಲ್ಲಿ ಇವನ್ನು 'ಸಿಸಿಎ ರೂಲ್ಸು' ಎನ್ನುತ್ತಾರೆ. ಇವು ಮೇಷ್ಟ್ರಿಗೆಂದೇ ಮಾಡಿದವಲ್ಲ. ತಹಶೀಲ್ದಾರರಿಗೂ, ಕಚೇರಿಯ ಗುಮಾಸ್ತರಿಗೂ ಅನ್ವಯವಾಗುವ ಪುಸ್ತಕವೇ ಶಾಲೆಗೂ ಬಂದಿದೆ.

ನಡತೆ ನಿಯಮಗಳ ತಿರುಳು ಮೂರು ಮಾತಿನಲ್ಲಿ ಮುಗಿಯುತ್ತದೆ: ಪ್ರಾಮಾಣಿಕತೆ ಇರಬೇಕು, ಕರ್ತವ್ಯದಲ್ಲಿ ನಿಷ್ಠೆ ಇರಬೇಕು, ಸರಕಾರಿ ನೌಕರನಿಗೆ ತಕ್ಕದ್ದಲ್ಲದ ಕೆಲಸ ಮಾಡಬಾರದು. ಉಳಿದದ್ದೆಲ್ಲ ಇದರ ವಿಸ್ತರಣೆ. ರಾಜಕೀಯ ಪಕ್ಷ ಸೇರಬಾರದು. ಓಟು ಹಾಕಬಹುದು, ಯಾರಿಗೆಂದು ಸಾರಬಾರದು. ವರದಕ್ಷಿಣೆ ಕೊಡಬಾರದು, ತೆಗೆದುಕೊಳ್ಳಬಾರದು. ಒಂದು ಸಂಸಾರ ಇರುವಾಗ ಇನ್ನೊಂದು ಮದುವೆ ಕೂಡದು. ಕುಡಿದು ಬೀದಿಗೆ ಬರಬಾರದು. ಬಡ್ಡಿ ವ್ಯವಹಾರ, ಖಾಸಗಿ ವ್ಯಾಪಾರ ಬೇಡ. ತೀರಿಸಲಾರದಷ್ಟು ಸಾಲವನ್ನೂ ಮೈಮೇಲೆ ಎಳೆದುಕೊಳ್ಳಬಾರದು. ಆಸ್ತಿಪಾಸ್ತಿಯ ಪಟ್ಟಿಯನ್ನು ವರ್ಷ ವರ್ಷ ಒಪ್ಪಿಸಬೇಕು.

ಹಾಗಾದರೆ ಜಾತ್ರೆಯಲ್ಲಿ ಬಣ್ಣ ಹಚ್ಚುವ ಮೇಷ್ಟ್ರ ಗತಿ ಏನು? ಇದು ಬಯಲಾಟದ ಸೀಮೆ. ಹಡಗಲಿಯ ರಂಗಭಾರತಿಯ ಹೆಸರು ಕೇಳದವರು ಕಡಿಮೆ. ಮೇಷ್ಟ್ರು ದುರ್ಯೋಧನನ ಪಾತ್ರ ಮಾಡಿದರೆ ನೌಕರಿಗೆ ಕುತ್ತು ಬಂತೇ ಎಂಬ ಅಂಜಿಕೆ ಹಳೆಯದು. 2020ರಲ್ಲಿ ಹೊಸ ನಿಯಮಗಳ ಕರಡು ಹೊರಬಿದ್ದಾಗ ಸಿನಿಮಾ, ಟಿವಿ, ಪುಸ್ತಕಗಳ ಮೇಲಿನ ನಿರ್ಬಂಧ ಓದಿ ಬರಹಗಾರರೂ ಕಲಾವಿದರೂ ಆಕ್ಷೇಪ ಎತ್ತಿದ್ದು ನೆನಪಿರಬಹುದು. ಆದರೆ 1966ರ ನಿಯಮಗಳೇ ಸಾಹಿತ್ಯ ಮತ್ತು ಕಲೆಯ ಅಪರೂಪದ ಕೆಲಸಕ್ಕೆ ದಾರಿ ಬಿಟ್ಟಿದ್ದವು. ಷರತ್ತು ಒಂದೇ, ಕರ್ತವ್ಯಕ್ಕೆ ಧಕ್ಕೆ ಬರಕೂಡದು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ನಾಡನ್ನು ನಗಿಸಿದವರು. ಅಂದರೆ ರಾತ್ರಿ ದುರ್ಯೋಧನ ಆಗುವುದು ತಪ್ಪಲ್ಲ. ಬೆಳಿಗ್ಗೆ ತರಗತಿಯಲ್ಲಿ ಕುಂಭಕರ್ಣ ಆಗುವುದು ತಪ್ಪು!

ಗಂಟೆ ಹೊಡೆದ ಮೇಲೆ ಬರುವ ಬಸ್ಸು

ಊರಿನವರ ಮೊದಲ ದೂರು ಇದೇ. ಮೇಷ್ಟ್ರ ಮನೆ ತಾಲೂಕು ಕೇಂದ್ರದಲ್ಲೋ ಹೊಸಪೇಟೆಯಲ್ಲೋ ಇರುತ್ತದೆ, ಶಾಲೆ ಒಳಹಳ್ಳಿಯಲ್ಲಿ. ಬಸ್ಸು ಬಂದಾಗ ಶಾಲೆ, ಬಸ್ಸು ಹೊರಟಾಗ ಬೀಗ. "ಮೇಷ್ಟ್ರ ಟೈಮ್ ಟೇಬಲ್ ಇಲಾಖೆ ಬರೆಯೂದಿಲ್ರಿ, ಡಿಪೋ ಮ್ಯಾನೇಜರ್ ಬರೀತಾನ" ಎಂಬ ಕುಹಕ ಸುಮ್ಮನೆ ಹುಟ್ಟಿದ್ದಲ್ಲ.

ಕೇಂದ್ರಸ್ಥಾನದಲ್ಲೇ ವಾಸ ಮಾಡಿ ಎಂಬ ಸೂಚನೆ ಇಲಾಖೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಮೇಷ್ಟ್ರ ಕಡೆಯ ಮಾತನ್ನೂ ಕೇಳಬೇಕು. ಬಾಡಿಗೆಗೆ ಮನೆ ಸಿಗದ ಊರಿದೆ. ಒಬ್ಬಂಟಿ ಶಿಕ್ಷಕಿಗೆ ಮನೆ ಕೊಡಲು ಹಿಂದೆ ಮುಂದೆ ನೋಡುವ ಊರಿದೆ. ತಮ್ಮ ಮಕ್ಕಳನ್ನು ಓದಿಸಲು ಪೇಟೆಯೇ ಬೇಕು ಎನ್ನುವ ಮೇಷ್ಟ್ರೂ ಇದ್ದಾರೆ. ಊರ ಮಕ್ಕಳಿಗೆ ಸಾಕಾಗುವ ಶಾಲೆ ತಮ್ಮ ಮಕ್ಕಳಿಗೆ ಯಾಕೆ ಸಾಲದು ಎಂದು ಊರವರು ಕೇಳಿದರೆ ಆ ಪ್ರಶ್ನೆಗೆ ಉತ್ತರ ಕಷ್ಟ.

ಎಲ್ಲಿ ಮಲಗಿದರು ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಬಂದರು ಎಂಬುದೇ ಮಕ್ಕಳಿಗೆ ಮುಖ್ಯ. ಇದನ್ನು ಕಾಯಿದೆಯೂ ಹೇಳುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೊದಲನೆಯದೇ ತಪ್ಪದೆ, ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದು. ನಂತರ ಪಠ್ಯಕ್ರಮ ಮುಗಿಸುವುದು, ಹಿಂದುಳಿದ ಮಗುವಿಗೆ ಹೆಚ್ಚಿನ ಪಾಠ ಹೇಳುವುದು, ತಂದೆತಾಯಿಗಳನ್ನು ಕರೆದು ಮಗುವಿನ ಹಾಜರಿ ಮತ್ತು ಕಲಿಕೆಯ ಬಗ್ಗೆ ಮಾತಾಡುವುದು. 28ನೇ ಕಲಮಿನ ಪ್ರಕಾರ ಮನೆಪಾಠದ ಅಂಗಡಿ ತೆರೆಯುವಂತಿಲ್ಲ.

ಅದೇ ಕಾಯಿದೆಯ ಅನುಸೂಚಿ ದಿನದ ಲೆಕ್ಕವನ್ನೂ ಕಟ್ಟಿಕೊಟ್ಟಿದೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಶಿಕ್ಷಕರಿಗೆ ಪಾಠದ ತಯಾರಿಯೂ ಸೇರಿ ವಾರಕ್ಕೆ 45 ಗಂಟೆ ಕೆಲಸ. ದಿನಕ್ಕೆ ಅರ್ಧ ಗಂಟೆ ತಡವಾದರೆ 200 ದಿನಕ್ಕೆ 100 ಗಂಟೆ. 800ರಲ್ಲಿ 100 ಅಂದರೆ ಎಂಟರಲ್ಲಿ ಒಂದು ಪಾಲು. ರೊಟ್ಟಿ ಎಂಟು ತುಂಡು ಮಾಡಿ ದಿನಾ ಒಂದು ತುಂಡು ಕದ್ದರೆ ಕೂಸು ಸೊರಗದೆ ಇದ್ದೀತೆ?

ಸರಕಾರಕ್ಕೂ ಕಟ್ಟಿದೆ!

ಇಲ್ಲಿಗೆ ಮೇಷ್ಟ್ರ ಪಾಲಿನ ಪುಟ ಮುಗಿಯಿತು. ಈಗ ಪುಟ ತಿರುವಿ ಹಾಕಬೇಕು.

ಅದೇ ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಸರಕಾರದ ಕೈ ಕಟ್ಟಿದೆ. ಶಿಕ್ಷಕರನ್ನು ಶಿಕ್ಷಣಕ್ಕೆ ಸಂಬಂಧಿಸದ ಕೆಲಸಕ್ಕೆ ಕಳುಹಿಸುವಂತಿಲ್ಲ. ಬಿಟ್ಟಿರುವುದು ಮೂರೇ ಕೆಲಸ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಸ್ಥಳೀಯ ಸಂಸ್ಥೆ, ವಿಧಾನಸಭೆ, ಲೋಕಸಭೆಗಳ ಚುನಾವಣೆ. ಚುನಾವಣೆಯ ವಿಷಯದಲ್ಲೂ 2007ರಲ್ಲೇ ಸುಪ್ರೀಂ ಕೋರ್ಟು ಒಂದು ಮಾತು ಹೇಳಿದೆ. ಸಾಧ್ಯವಾದಷ್ಟೂ ರಜಾ ದಿನಗಳಲ್ಲಿ, ಪಾಠವಿಲ್ಲದ ಹೊತ್ತಿನಲ್ಲಿ ಶಿಕ್ಷಕರಿಂದ ಆ ಕೆಲಸ ತೆಗೆದುಕೊಳ್ಳಬೇಕು ಎಂದು.

ನಡೆದದ್ದೇನು? 2015ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಶಿಕ್ಷಕರೇ ಮನೆಮನೆಗೆ ಹೋದರು. ಅದು ಬೇಸಿಗೆ ರಜೆಯ ಕಾಲ, ಪಾಠಕ್ಕೆ ಪೆಟ್ಟು ಬೀಳಲಿಲ್ಲ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಸೆಪ್ಟೆಂಬರ್ 22ರಂದು ಶುರುವಾಯಿತು. ದಸರಾ ರಜೆಯಲ್ಲಿ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಪಕ್ಕದ ಖಾಸಗಿ ಶಾಲೆಯ ವ್ಯಾನು ಹಾರನ್ ಹೊಡೆದು ಮಕ್ಕಳನ್ನು ಹತ್ತಿಸಿಕೊಂಡು ಹೋಗುವಾಗ ಸರಕಾರಿ ಶಾಲೆಯ ಮಕ್ಕಳು ಎಮ್ಮೆ ಕಾಯುತ್ತಿದ್ದರು.

ಸಮೀಕ್ಷೆ ಬೇಡವೆಂದು ಯಾರೂ ಹೇಳಲಾರರು. ಹಿಂದುಳಿದವರ ಲೆಕ್ಕ ಹಿಂದುಳಿದ ತಾಲೂಕುಗಳಿಗೇ ಹೆಚ್ಚು ಬೇಕು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಕೂಡ್ಲಿಗಿಯೂ ಇತ್ತು, ಹರಪನಹಳ್ಳಿಯೂ ಇತ್ತು. ಪ್ರಶ್ನೆ ಬೇರೆ. ಆ ಮೂರು ಕೆಲಸಗಳ ಪಟ್ಟಿಯಲ್ಲಿ ಇಲ್ಲದ ಈ ಸಮೀಕ್ಷೆಗೆ, ಶಾಲೆ ತೆರೆಯಬೇಕಾದ ದಿನಗಳಲ್ಲಿ ಮೇಷ್ಟ್ರೇ ಯಾಕೆ? ಹಿಂದುಳಿದಿರುವುದನ್ನು ಎಣಿಸುವ ಸಲುವಾಗಿ ಹಿಂದುಳಿದ ಮಕ್ಕಳ ಪಾಠವನ್ನೇ ನಿಲ್ಲಿಸಿದರೆ ಲೆಕ್ಕ ಕೂಡುವುದು ಹೇಗೆ?

ಈ ಸಮೀಕ್ಷೆಗೆ ಹಾಜರಾಗದ ಶಿಕ್ಷಕರನ್ನು ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಅಮಾನತು ಮಾಡಲಾಯಿತು ಎಂಬುದು ಗಮನಾರ್ಹ. ಶಾಲೆ ತಪ್ಪಿಸಿದರೂ ಕರ್ತವ್ಯಲೋಪ, ಶಾಲೆ ತಪ್ಪಿಸುವ ಕೆಲಸಕ್ಕೆ ಹೋಗದಿದ್ದರೂ ಕರ್ತವ್ಯಲೋಪ. ಅತ್ತ ದರಿ, ಇತ್ತ ಪುಲಿ!

ಇನ್ನು ನಿತ್ಯದ ಕಾಟ ಬೇರೆ. 2002ರಲ್ಲಿ ಅಕ್ಷರ ದಾಸೋಹ ಬಂದದ್ದು ಮಕ್ಕಳ ಹೊಟ್ಟೆಗೆ ಪುಣ್ಯದ ಕೆಲಸ. ಮೊಟ್ಟೆ ಬಂದದ್ದೂ ಒಳ್ಳೆಯದೇ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ. ಒಂದು ಮೊಟ್ಟೆಗೆ ಗೊತ್ತು ಮಾಡಿದ್ದು 6 ರೂಪಾಯಿ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ. ಸಂತೆಯಲ್ಲಿ ಮೊಟ್ಟೆಯ ದರ ಏರಿದಾಗ ಹೆಚ್ಚಿನ ಪೈಸೆ ಎಲ್ಲಿಂದ ಬರಬೇಕು ಎಂಬುದು ಹೆಡ್‌ಮಾಸ್ತರರ ತಲೆನೋವು. ಕೈಯಿಂದ ಹಾಕಿದರೆ ಸಂಸಾರಕ್ಕೆ ತೂತು, ಹಾಕದಿದ್ದರೆ ನೋಟೀಸು. ಅಕ್ಕಿಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಹತ್ತೆಂಟು ನಮೂನೆ. ಇಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೊರಟರೆಂದರೆ ಉಳಿದೊಬ್ಬರು ಐದು ತರಗತಿಗಳ ದನಗಾಹಿ ಆಗದೆ ಇನ್ನೇನಾದಾರು?

ಅಮಾನತು ಎಂದರೆ ಶಿಕ್ಷೆಯಲ್ಲ

"ಮೇಷ್ಟ್ರು ಸಸ್ಪೆಂಡ್ ಆದ್ರಂತ" ಎಂದರೆ ಊರಿನಲ್ಲಿ ಪಟಾಕಿ ಹೊಡೆಯುವವರಿದ್ದಾರೆ. ಅವರು ತಿಳಿಯಬೇಕಾದ್ದು: ಕಾನೂನಿನ ಕಣ್ಣಿನಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ನಡೆಯುವಾಗ ನೌಕರ ಸಾಕ್ಷಿ ಪುರಾವೆಗಳ ಹತ್ತಿರ ಇರದಿರಲಿ ಎಂದು ದೂರ ಕೂರಿಸುವ ಕ್ರಮ ಅದು. ಆ ಕಾಲದಲ್ಲಿ ಜೀವನಾಧಾರ ಭತ್ಯೆಯೂ ಉಂಟು. 48 ಗಂಟೆಗೂ ಹೆಚ್ಚು ಪೊಲೀಸು ಕಸ್ಟಡಿಯಲ್ಲಿದ್ದವರು ತಾವಾಗಿಯೇ ಅಮಾನತಿನಲ್ಲಿದ್ದಂತೆ.

ನಿಜವಾದ ಶಿಕ್ಷೆಗಳ ಪಟ್ಟಿ ಬೇರೆ. ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆ, ಆದ ನಷ್ಟದ ವಸೂಲಿ ಇವು ಸಣ್ಣವು. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆಯುವುದು, ವಜಾ ಇವು ದೊಡ್ಡವು. ದೊಡ್ಡ ಶಿಕ್ಷೆ ಕೊಡಬೇಕಾದರೆ ಆರೋಪಪಟ್ಟಿ ಕೊಟ್ಟು, ಉತ್ತರ ಪಡೆದು, ವಿಚಾರಣೆ ನಡೆಸಲೇಬೇಕು. ಸಂವಿಧಾನದ 311ನೇ ವಿಧಿ ಕೊಟ್ಟ ರಕ್ಷಣೆ ಇದು. ಆದೇಶ ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿಗೂ ದಾರಿ ಇದೆ.

ಇದರಿಂದ ಊರಿಗೆ ಎರಡು ಪಾಠ. ನಿಜವಾಗಿ ತಪ್ಪು ಮಾಡಿದ ಮೇಷ್ಟ್ರು ಅಮಾನತಾಗಿ, ಆರು ತಿಂಗಳಿಗೆ ಬೇರೆ ಶಾಲೆಗೆ ಹೋಗಿ ಕುಳಿತರೆ ರೋಗ ಒಂದು ಊರಿನಿಂದ ಇನ್ನೊಂದು ಊರಿಗೆ ದಾಟಿತೇ ವಿನಾ ವಾಸಿಯಾಗಲಿಲ್ಲ. ವಿಚಾರಣೆ ಮುಗಿಯಿತೇ ಎಂದು ಕೇಳಬೇಕು. ಇನ್ನೊಂದು, ತಪ್ಪೇ ಮಾಡದ ಮೇಷ್ಟ್ರ ಮೇಲೆ ಊರ ರಾಜಕೀಯಕ್ಕೆ ಅರ್ಜಿ ಬರೆದರೆ, ವಿಚಾರಣೆ ಮುಗಿಯುವ ತನಕ ಆ ಜಾಗದಲ್ಲಿ ಪಾಠ ಹೇಳುವವರಿಲ್ಲದೆ ಒಣಗುವುದು ಊರ ಮಕ್ಕಳೇ.

ಬಾಯಿ ತೆರೆದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಚಿತ್ರದುರ್ಗ ಜಿಲ್ಲೆಯ ಉದಾಹರಣೆ ಇದೆ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲೂಕಿನ ಸರಕಾರಿ ಶಾಲೆಯ ಶಿಕ್ಷಕರೊಬ್ಬರು, ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಸರಕಾರದ ಉಚಿತ ಯೋಜನೆಗಳನ್ನೂ ರಾಜ್ಯದ ಸಾಲವನ್ನೂ ಕುರಿತು ಫೇಸ್‌ಬುಕ್ಕಿನಲ್ಲಿ ಬರೆದು ಅಮಾನತಾದರು. ಸರಕಾರದ ನೀತಿಯನ್ನು ನೌಕರ ಬಹಿರಂಗವಾಗಿ ಟೀಕಿಸಬಾರದೆಂಬ ನಿಯಮ ಹಳೆಯದು. ಯಾವ ಪಕ್ಷ ಬಂದರೂ ಅದನ್ನು ಕೈಬಿಟ್ಟಿಲ್ಲ. ಆದರೆ ಶಾಲೆಗೇ ಬಾರದವರ ಮೇಲಿನ ಕ್ರಮಕ್ಕೆ ತಿಂಗಳುಗಟ್ಟಲೆ ಹಿಡಿಯುವಾಗ, ನಾಲ್ಕು ಸಾಲು ಬರೆದವರ ಮೇಲಿನ ಕ್ರಮ ಇಷ್ಟು ಚುರುಕಾಗಿ ಆಗುವುದು ಹೇಗೆ ಎಂದು ಜನ ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಬೆತ್ತದ ಕಾಲ ಮುಗಿಯಿತು

"ನಾಲ್ಕು ಬಿಟ್ಟು ಬುದ್ಧಿ ಕಲಸ್ರೀ ಮೇಷ್ಟ್ರೇ" ಎಂದು ತಂದೆಯೇ ಮಗನನ್ನು ಒಪ್ಪಿಸಿ ಹೋಗುವ ರೂಢಿ ಈ ಸೀಮೆಯಲ್ಲಿ ಇನ್ನೂ ಸತ್ತಿಲ್ಲ. ತಂದೆ ಒಪ್ಪಿದರೂ ಕಾನೂನು ಒಪ್ಪುವುದಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೈ ಎತ್ತಿದವರ ಮೇಲೆ ಸೇವಾ ನಿಯಮದಂತೆ ಕ್ರಮ. ಜಾತಿ ಹೆಸರು ಹಿಡಿದು ಹೀಯಾಳಿಸುವುದು, ಬಡತನ ಎತ್ತಿ ಆಡುವುದು ಇವೂ ಹಿಂಸೆಯೇ.

ಇನ್ನೂ ಗಂಭೀರವಾದದ್ದು 2012ರ ಪೋಕ್ಸೋ ಕಾಯಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು. "ಊರ ಮರ್ಯಾದೆ, ಸಾಲಿ ಮರ್ಯಾದೆ" ಎಂದು ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ರಾಜಿ ಪಂಚಾಯಿತಿಗೆ ಇಲ್ಲಿ ಜಾಗವಿಲ್ಲ.

ಶಿಕ್ಷಕಿಯರ ಮಾತೂ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಮೂರು ನಾಲ್ಕು ಮಂದಿಯ ಹಳ್ಳಿ ಶಾಲೆಯಲ್ಲಿ ಸಮಿತಿ ಎಲ್ಲಿ ಬಂತು? ಅಂಥವರಿಗಾಗಿಯೇ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಎಂಬುದಿದೆ. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಹೀಗೊಂದು ಬಾಗಿಲಿದೆ ಎಂಬುದೇ ಗೊತ್ತಿಲ್ಲದೆ ವರ್ಗಾವಣೆ ಕೇಳಿ ಊರು ಬಿಡುವ ಶಿಕ್ಷಕಿಯರಿಗೆ ಯಾರಾದರೂ ಇದನ್ನು ಹೇಳಬೇಕು.

ನಿಯಮ ಇದೆ, ನೆರಳಿಲ್ಲ

ಖಾಯಂ ಮೇಷ್ಟ್ರಿಗೆ ನಿಯಮದ ಬಿಸಿಲೂ ಇದೆ, ನೆರಳೂ ಇದೆ. ಅತಿಥಿ ಶಿಕ್ಷಕರಿಗೆ ಬಿಸಿಲು ಮಾತ್ರ. ಬೆತ್ತ ಹಿಡಿಯಬಾರದೆಂಬುದು ಅವರಿಗೂ ಅನ್ವಯ, ಹೊತ್ತಿಗೆ ಬರಬೇಕೆಂಬುದೂ ಅನ್ವಯ. ಆದರೆ ಖಾಯಂ ನೌಕರರಿಗಿರುವ ಆರೋಪಪಟ್ಟಿ, ವಿಚಾರಣೆ, ಮೇಲ್ಮನವಿಯ ದಾರಿ ಅವರಿಗಿಲ್ಲ. "ನಾಳೆಯಿಂದ ಬರಬೇಡಿ" ಎಂದರೆ ಮುಗಿಯಿತು. ಬಿಸಿಯೂಟದ ಅಡುಗೆಯವರೂ ಗೌರವಧನದ ಮೇಲೆ ದುಡಿಯುವವರೇ. ಖಾಲಿ ಹುದ್ದೆ ತುಂಬದೆ ಅತಿಥಿಗಳಿಂದಲೇ ಮನೆ ನಡೆಸುವ ಸರಕಾರ, ಆ ಅತಿಥಿಗಳಿಗೆ ಒಂದು ಲೋಟ ನೀರು ಕೊಡುವ ಮರ್ಯಾದೆಯನ್ನಾದರೂ ನಿಯಮದಲ್ಲಿ ಬರೆಯಬೇಡವೇ?

ಸಮಿತಿಯೇ ಗುಳೆ ಹೋದರೆ?

ಎಲ್ಲದಕ್ಕೂ ಕೊನೆಗೆ ಕೀಲಿಕೈ ಇರುವುದು ಊರಿನವರ ಕೈಯಲ್ಲೇ. 2001ರಲ್ಲಿ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿದೆ. ಕಾಯಿದೆಯ ಹಿಂದೆಯೇ ಬಂದ ಕೇಂದ್ರದ ಮಾದರಿ ನಿಯಮಗಳು ಸಮಿತಿಗೆ ಎರಡು ಕೆಲಸವನ್ನು ಒಟ್ಟಿಗೇ ವಹಿಸಿವೆ. ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ ಎಂದು ನೋಡುವುದು ಒಂದು. ಮೇಷ್ಟ್ರ ಮೇಲೆ ಪಾಠವಲ್ಲದ ಕೆಲಸದ ಹೊರೆ ಬೀಳುತ್ತಿದೆಯೇ ಎಂದು ನೋಡುವುದು ಇನ್ನೊಂದು. ಎರಡೂ ಒಂದೇ ಪುಟದಲ್ಲಿವೆ. ಆದರೂ ಮೊದಲನೆಯದಕ್ಕೆ ಜಗಳ ತೆಗೆದ ಸಮಿತಿಗಳುಂಟು, ಎರಡನೆಯದಕ್ಕೆ ಬಿಇಒ ಕಚೇರಿಯ ಮೆಟ್ಟಿಲು ಹತ್ತಿದ ಸಮಿತಿ ಅಪರೂಪ.

ಕಾರಣವೂ ಇದೆ. ಈ ತಾಲೂಕುಗಳ ತಾಂಡಾಗಳಿಂದ, ಹಟ್ಟಿಗಳಿಂದ, ಕೇರಿಗಳಿಂದ ಸುಗ್ಗಿ ಮುಗಿದೊಡನೆ ಜನ ಗಂಟು ಕಟ್ಟುತ್ತಾರೆ. ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ಬಿಡಿಸಲು ಮಲೆನಾಡಿನ ಕಡೆ, ಗಾರೆ ಕೆಲಸಕ್ಕೆ ಬೆಂಗಳೂರಿನ ಕಡೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ, ಇಲ್ಲವೇ ಗುಡಾರದ ಜೊತೆ ಹೊರಡುತ್ತವೆ. ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಗಳು ಎಂದು ಕಾಯಿದೆ ಬರೆಯಿತು. ಆ ಮುಕ್ಕಾಲು ಪಾಲು ಕಬ್ಬಿನ ಗದ್ದೆಯಲ್ಲಿದ್ದರೆ ಹಾಜರಿ ಪುಸ್ತಕ ನೋಡುವವರು ಯಾರು? ಸರಿಯಾಗಿ ಅದೇ ಹೊತ್ತಿಗೆ ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು, ಪರೀಕ್ಷೆಯ ತಯಾರಿ ಎಲ್ಲ ಒಟ್ಟಿಗೆ ಬರುತ್ತವೆ. ಕೇಳುವವರಿಲ್ಲದ ಕಾಲದಲ್ಲೇ ದಿನಗಳು ಹೆಚ್ಚು ಸೋರುತ್ತವೆ.

ಆದ್ದರಿಂದ ಊರಲ್ಲಿ ಉಳಿದವರು ಕೆಲವು ಸಣ್ಣ ಕೆಲಸ ಮಾಡಬಹುದು. ಸಮಿತಿಯ ಸಭೆ ನಡಾವಳಿ ಪುಸ್ತಕದಲ್ಲಿ ಬರೆಸಬೇಕು, ಸುಮ್ಮನೆ ಸಹಿ ಹಾಕಿ ಚಹಾ ಕುಡಿದು ಬರುವುದಲ್ಲ. ಈ ತಿಂಗಳು ಶಾಲೆ ನಡೆದದ್ದು ಎಷ್ಟು ದಿನ, ಮೇಷ್ಟ್ರು ತಾವಾಗಿ ತಪ್ಪಿಸಿದ್ದು ಎಷ್ಟು ದಿನ, ಸರಕಾರ ತಪ್ಪಿಸಿದ್ದು ಎಷ್ಟು ದಿನ ಎಂದು ಮೂರು ಸಾಲು ಬರೆದರೆ ಸಾಕು. ಮೊದಲ ತಪ್ಪಿಗೆ ಮೇಷ್ಟ್ರನ್ನೇ ಕೂರಿಸಿ ಕೇಳಬೇಕು. ತಿದ್ದದಿದ್ದರೆ ಸಿಆರ್‌ಪಿ, ಬಿಇಒ, ಡಿಡಿಪಿಐ ಎಂದು ಮೆಟ್ಟಿಲಾಗಿ ಹತ್ತಬೇಕು. ಲಂಚದ ಮಾತಾದರೆ ಲೋಕಾಯುಕ್ತ ಇದೆ. ಸರಕಾರ ತಪ್ಪಿಸಿದ ದಿನಗಳ ಲೆಕ್ಕವನ್ನೂ ಅದೇ ಬಿಇಒ ಅವರ ಮೇಜಿನ ಮೇಲೆ ಇಡಬೇಕು. ತಡವಾದ ಮೇಷ್ಟ್ರ ಫೋಟೋ ವಾಟ್ಸಪ್ಪಿಗೆ ಹಾಕುವವರು, ಮೇಷ್ಟ್ರಿಲ್ಲದ ಶಾಲೆಗೆ ಕಾರಣವಾದ ಆದೇಶದ ಫೋಟೋವನ್ನೂ ಹಾಕಲಿ.

ಮೇಷ್ಟ್ರ ಸಂಘಗಳಿಗೂ ಒಂದು ಮಾತು. ಸಮೀಕ್ಷೆಗೆ, ಲೆಕ್ಕಪತ್ರಕ್ಕೆ ಪ್ರತಿಭಟಿಸಿದ ಬಾಯಿ, ತಮ್ಮೊಳಗಿನ ಕಳ್ಳಹಾಜರಿಯ ಬಗ್ಗೆಯೂ ಒಮ್ಮೆ ತೆರೆಯಲಿ. ಆಗ ಊರು ಅವರ ಬೆನ್ನಿಗೆ ನಿಲ್ಲುತ್ತದೆ. ಅಧಿಕಾರಿಗಳಿಗೆ ಒಂದು ಮಾತು. ಮೇಷ್ಟ್ರಿಗೆ ನೋಟೀಸು ಬರೆಯುವ ಮುನ್ನ ಆ ತಿಂಗಳು ತಮ್ಮ ಕಚೇರಿಯಿಂದ ಅವರನ್ನು ಎಷ್ಟು ಸಲ ಕರೆಸಿದ್ದೇವೆ ಎಂದು ರಿಜಿಸ್ಟರ್ ತೆಗೆದು ನೋಡಿಕೊಳ್ಳಲಿ.

2027ರ ಜನಗಣತಿಯೂ ಕಾಯಿದೆ ಒಪ್ಪಿದ ಕೆಲಸವೇ. ಅದಕ್ಕೆ ಮೇಷ್ಟ್ರು ಹೋಗಲೇಬೇಕು. ಆದರೆ ಹೋದ ದಿನಗಳನ್ನು ಮಕ್ಕಳಿಗೆ ಯಾವಾಗ ತಿರುಗಿ ಕೊಡಲಾಗುತ್ತದೆ ಎಂಬ ಪಟ್ಟಿ ಶಾಲೆಯ ಗೋಡೆಯ ಮೇಲೆ ಮೊದಲೇ ಅಂಟಲಿ. 200 ದಿನ ಎಂಬುದು ಮೇಷ್ಟ್ರ ಆಸ್ತಿಯಲ್ಲ, ಸರಕಾರದ ಆಸ್ತಿಯೂ ಅಲ್ಲ. ಅದು ಕೂಸಿನ ಆಸ್ತಿ. ಪರರ ಆಸ್ತಿ ಮುಟ್ಟಬಾರದೆಂಬ ರೂಲು ಎರಡೂ ಕಡೆಯವರಿಗೆ ಗೊತ್ತಿರಬೇಕಲ್ಲವೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?